ನಾಯಕ ನಟಿಸಲಿಲ್ಲವೋ, ನಮಗೆ ಕಾಣಲಿಲ್ಲವೋ?

ಹೋದ ಸಂಚಿಕೆಯಲ್ಲಿ ನಿಮಗೊಂದು ಪ್ರಶ್ನೆ ಕೇಳಿದ್ದೆ. ಹೇಮಂತ್ ಎಂ. ರಾವ್ ನಿರ್ದೇಶನದ ‘ಕವಲುದಾರಿ’ (2019) ಚಿತ್ರದಲ್ಲಿ ನಾಯಕ ರಿಷಿ ಅವರ ಅಭಿನಯ ಹಿಡಿಸಿತೇ, ಇಲ್ಲವೇ? ಯಾಕೆ? ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಜಿಲ್ಲೆಗಳಿಂದ ಪತ್ರ ಬಂದಿವೆ. ಹೊಗಳಿದವರೂ ಜೋರಾಗಿಯೇ ಹೊಗಳಿದ್ದೀರಿ, ಬೈದವರೂ ಜೋರಾಗಿಯೇ ಬೈದಿದ್ದೀರಿ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿದ್ದರಿಂದ ಊರನ್ನಷ್ಟೇ ಹಾಕಿದ್ದೇನೆ.

ಸಿನಿಮಾ ನೋಡದವರಿಗೆ ಕತೆ ಇಷ್ಟು. ಶ್ಯಾಮ್ (ರಿಷಿ) ಬೆಂಗಳೂರಿನಲ್ಲಿ ಟ್ರಾಫಿಕ್ ಪೊಲೀಸ್. ಕ್ರೈಂ ವಿಭಾಗಕ್ಕೆ ಹೋಗಬೇಕೆಂಬ ಆಸೆ. ಮೆಟ್ರೋ ಕಾಮಗಾರಿಗೆ ನೆಲ ಅಗೆಯುವಾಗ ಮನುಷ್ಯರ ಬುರುಡೆ, ಮೂಳೆ ಸಿಗುತ್ತವೆ. ಸುಮಾರು 40 ವರ್ಷ ಹಳೆಯ ಕೊಲೆ. ಯಾರಿಗೂ ಬೇಡವಾದ ಆ ಕೇಸಿನ ಬೆನ್ನು ಹತ್ತುತ್ತಾನೆ ಶ್ಯಾಮ್. ಹಿಂದೆ ಅದೇ ಕೇಸು ನೋಡಿದ್ದ ನಿವೃತ್ತ ಅಧಿಕಾರಿ ಮುತ್ತಣ್ಣನಾಗಿ ಅನಂತ್ ನಾಗ್, ಪತ್ರಕರ್ತ ಕುಮಾರ್ ಆಗಿ ಅಚ್ಯುತ್ ಕುಮಾರ್ ಇದ್ದಾರೆ. ಕೊಲೆಗಾರ ಯಾರು ಅನ್ನುವುದನ್ನು ನಾನು ಹೇಳುವುದಿಲ್ಲ. ಪತ್ರ ಬರೆದ ಇಬ್ಬರು ಹೇಳಿದ್ದರು, ಆ ಸಾಲುಗಳನ್ನು ತೆಗೆದಿದ್ದೇನೆ.

ಅಕ್ಕಾರ, ಇಡೀ ಸಿನಿಮಾದಾಗ ಹೀರೋನ ಮಾರಿ ಒಂದೇ ಥರ ಅದ. ಸಿಟ್ಟಿಲ್ಲ, ಅಳುವಿಲ್ಲ. ಒಂದು ಡೈಲಾಗ್ ಸೈತ ನೆನಪುಳಿಯಂಗಿಲ್ಲ. ಇದಕ್ಕ ನಟನೆ ಅಂತಾರೇನ್ರಿ?
*– ಕಾಲೇಜು ವಿದ್ಯಾರ್ಥಿ, ಜಮಖಂಡಿ*

ಅಂತಾರೆ ತಮ್ಮಾ. ತನಿಖೆಯ ಕತೆಯಲ್ಲಿ ನಾಯಕ ಹೆಚ್ಚು ಹೊತ್ತು ಏನು ಮಾಡುತ್ತಾನೆ, ನೀನೇ ನೋಡು. ಒಬ್ಬರ ಮನೆಗೆ ಹೋಗುತ್ತಾನೆ, ಪ್ರಶ್ನೆ ಕೇಳುತ್ತಾನೆ, ಅವರು ಹೇಳಿದ್ದನ್ನು ಕೇಳಿಸಿಕೊಳ್ಳುತ್ತಾನೆ. ಅಲ್ಲಿಂದ ಇನ್ನೊಬ್ಬರ ಮನೆ. ಮಾತು ಎದುರಿನವರದು. ಸುಳಿವು ಇರುವುದೂ ಆ ಮಾತಿನಲ್ಲೇ. ಅವರು ಹೇಳುವ ಒಂದೊಂದು ಸಾಲಿಗೂ ನಾಯಕ ಕಣ್ಣರಳಿಸಿ, ಹಲ್ಲು ಕಡಿದು, ಮುಷ್ಟಿ ಬಿಗಿದರೆ ನಮ್ಮ ಕಣ್ಣು ಅವನ ಮೇಲೇ ಇರುತ್ತದೆ. ಸುಳಿವು ಕಿವಿಗೆ ಬೀಳದೇ ಹೋಗುತ್ತದೆ.

ಇನ್ನೊಂದು ಮಾತು. ವಿಚಾರಣೆಗೆ ಕೂತ ಪೊಲೀಸಿನವನು ತಾನು ನಂಬಿದೆನೋ ಇಲ್ಲವೋ ಅನ್ನುವುದನ್ನು ಮುಖದಲ್ಲಿ ತೋರಿಸಿಬಿಟ್ಟರೆ ಎದುರಿನವನು ಎಚ್ಚರಾಗುತ್ತಾನೆ. ಹಾಗಾಗಿ ಶ್ಯಾಮ್ ಮುಖ ಬಿಗಿ ಹಿಡಿದಿರುವುದು ಪಾತ್ರಕ್ಕೆ ಬೇಕಾದದ್ದೇ. ನಟನಿಗೆ ಬರುವುದೇ ಅಷ್ಟು ಅಂತ ತಿಳಿಯಬೇಡ. ‘ಕವಲುದಾರಿ’ಗೆ ಎರಡು ವರ್ಷ ಮೊದಲು ಬಂದ ‘ಆಪರೇಷನ್ ಅಲಮೇಲಮ್ಮ’ ನೋಡು. ಅದು ನಗೆಯ ಸಿನಿಮಾ. ಅಲ್ಲಿ ಇದೇ ರಿಷಿ ಎಷ್ಟು ಸಲೀಸಾಗಿ ಮಾತಾಡುತ್ತಾರೆ!

ಹಾಗಂತ ಎಲ್ಲ ಕಡೆಯೂ ಸರಿ ಅಂತ ನಾನು ಹೇಳುವುದಿಲ್ಲ. ಕುಮಾರ್ ಮಗಳು ಪ್ರಿಯಾ (ರೋಶನಿ ಪ್ರಕಾಶ್) ಜೊತೆಗಿನ ದೃಶ್ಯಗಳಲ್ಲಿಯೂ ಶ್ಯಾಮ್ ಅದೇ ಬಿಗಿ ಬಿಡುವುದಿಲ್ಲ. ಅಲ್ಲಿ ಅವನು ಪೊಲೀಸ್ ಅಲ್ಲ, ಹರೆಯದ ಹುಡುಗ. ಅಲ್ಲಾದರೂ ಭುಜ ಸ್ವಲ್ಪ ಇಳಿಯಬೇಕಿತ್ತು. ನಿನ್ನ ಮಾತು ಆ ದೃಶ್ಯಗಳಿಗೆ ಪೂರ್ತಿ ಒಪ್ಪುತ್ತದೆ.

ಇನ್ನೊಮ್ಮೆ ನೋಡುವಾಗ ಒಂದು ಕೆಲಸ ಮಾಡು. ಅಚ್ಯುತ್ ಕುಮಾರ್ ಮಾತಾಡುವಾಗ ಅವರನ್ನು ನೋಡಬೇಡ, ರಿಷಿಯನ್ನು ನೋಡು. ಆಮೇಲೆ ಬರಿ.

ನಾನು ಬನಶಂಕರಿ ಜಾತ್ರೆಯ ನಾಟಕ ನೋಡಿ ಬೆಳೆದವನು. ಕಲಾವಿದ ಬಂದು ನಿಂತರೆ ಕಡೆಯ ಸಾಲಿನವನೂ ಎದ್ದು ಕೂರುತ್ತಿದ್ದ. ಈಗ ಪಿಸುಗುಟ್ಟಿದ್ದನ್ನೇ ದೊಡ್ಡ ನಟನೆ ಅನ್ನುತ್ತೀರಿ. ನಟನೆ ಅಂದ ಮೇಲೆ ಹೊರಗೆ ಕಾಣಬೇಕಲ್ವಾ ತಂಗಿ?
*– ನಿವೃತ್ತ ಮಾಸ್ತರರು, ಬಾದಾಮಿ*

ಕಾಕಾ, ನಿಮ್ಮ ಪತ್ರ ಓದಿ ನನಗೆ ಬಹಳ ಖುಷಿಯಾಯಿತು. ನಮ್ಮಪ್ಪ ನಾಟಕ ಕಂಪನಿಗಳಲ್ಲಿ ಕಾಲಪೇಟಿ (ಕಾಲಿನಿಂದ ತುಳಿದು ನುಡಿಸುವ ಹಾರ್ಮೋನಿಯಂ) ನುಡಿಸುತ್ತಿದ್ದರು. ಬನದ ಹುಣ್ಣಿಮೆ ಬಂತೆಂದರೆ ನಮ್ಮ ಮನೆಯೂ ಬನಶಂಕರಿಗೆ ಹೋಗುತ್ತಿತ್ತು. ಒಂದರ ಪಕ್ಕ ಒಂದು ಕಂಪನಿಯ ಥಿಯೇಟರು, ಬೆಳಗಿನವರೆಗೂ ಆಟ. ಈ ಕಂಪನಿಯಲ್ಲಿ ತಾಯಿ ಪಾತ್ರದವಳು ಅಳುತ್ತಿದ್ದರೆ ಪಕ್ಕದ ಕಂಪನಿಯ ಹಾಸ್ಯದ ಹಾಡು ತಗಡು ದಾಟಿ ಒಳಗೆ ಬರುತ್ತಿತ್ತು. ಜನರೇಟರ್ ಸದ್ದು ಬೇರೆ. ಮುಂದಿನ ಸಾಲಿನಲ್ಲಿ ಚುರುಮರಿ ಪೊಟ್ಟಣ ಬಿಚ್ಚುವ ಸದ್ದು. ಇದೆಲ್ಲದರ ಮೇಲೆ ತನ್ನ ದನಿ ತೇಲಿಸಬೇಕಿತ್ತು ಕಲಾವಿದ. ಬೆಳಗಾವಿ ಜಿಲ್ಲೆಯ ಏಣಗಿ ಬಾಳಪ್ಪನವರು (1914–2017) ಹುಡುಗನಾಗಿ ಬಣ್ಣ ಹಚ್ಚಿದ ಕಾಲದಲ್ಲಂತೂ ಗಂಟಲೇ ಬಂಡವಾಳ. ಆ ಜೋರು ದನಿ, ಆ ಬೀಸುವ ಕೈ ಆಡಂಬರವಲ್ಲ. ದುಡ್ಡು ಕೊಟ್ಟು ಹಿಂದೆ ಕೂತವನಿಗೂ ಕತೆ ಮುಟ್ಟಿಸುವ ಪ್ರಾಮಾಣಿಕ ಕೆಲಸ ಅದು.

ನಾಟಕದಲ್ಲಿ ನಿಮಗೂ ಕಲಾವಿದನಿಗೂ ನಡುವಿನ ಅಂತರವನ್ನು ಟಿಕೆಟ್ಟೇ ಗೊತ್ತು ಮಾಡುತ್ತದೆ. ಸಿನಿಮಾದಲ್ಲಿ ಅದನ್ನು ಕ್ಯಾಮೆರಾ ಗೊತ್ತು ಮಾಡುತ್ತದೆ. ಕಡೆಯ ಸಾಲಿನವನನ್ನೂ ಎಬ್ಬಿಸಿ ತಂದು ನಟನ ಮೂಗಿನ ಮುಂದೆ ಕೂರಿಸುತ್ತದೆ. ಹತ್ತಿರದಿಂದ ತೆಗೆದ ಮುಖ ದೊಡ್ಡ ಪರದೆ ಮೇಲೆ ಬಂದಾಗ ಒಂದು ಹುಬ್ಬು ಸ್ವಲ್ಪ ಏರಿದರೂ ಅದು ಎಲ್ಲರಿಗೂ ಕಾಣುತ್ತದೆ. ಅಲ್ಲಿ ಕೈ ಬೀಸಿದರೆ ನಮಗೆ ಹಿಂಸೆಯಾಗುತ್ತದೆ. ಹೊರಗೆ ಕಾಣಬೇಕು ಅನ್ನುವ ನಿಮ್ಮ ಮಾತು ನೂರಕ್ಕೆ ನೂರು ಸರಿ. ಎಷ್ಟು ಕಂಡರೆ ಸಾಕು ಅನ್ನುವುದಷ್ಟೇ ಬೇರೆ.

ಆದರೆ ಕಾಕಾ, ನನಗೆ ಇದಕ್ಕಿಂತ ದೊಡ್ಡದೆನಿಸುವ ಸಂಗತಿ ಇನ್ನೊಂದಿದೆ. ಅದು ನಮ್ಮ ಕಂಪನಿ ನಾಟಕದಲ್ಲೂ ಇತ್ತು. ಹಾಡು ಹಿಡಿಸಿದರೆ ಜನ ‘ಒನ್ಸ್ ಮೋರ್’ ಅಂತ ಕೂಗುತ್ತಿದ್ದರಲ್ಲ, ನೆನಪಿದೆಯಾ? ಹಾಡಿದವರು ಮತ್ತೆ ಮೊದಲಿಂದ ಹಾಡುತ್ತಿದ್ದರು. ನಮ್ಮ ಕಣ್ಣೆಲ್ಲ ಅವರ ಮೇಲೆ. ನಮ್ಮಪ್ಪ ಮಾತ್ರ ಪೇಟಿ ತುಳಿಯುತ್ತಲೇ ಪಕ್ಕದಲ್ಲಿ ನಿಂತ ಇನ್ನೊಬ್ಬ ಕಲಾವಿದನನ್ನು ನೋಡುತ್ತಿದ್ದರು. ಅವನಿಗೆ ಆ ಹೊತ್ತಿನಲ್ಲಿ ಮಾತಿಲ್ಲ. ಒಮ್ಮೆ ಕೇಳಿದ ದುಃಖದ ಹಾಡನ್ನೇ ಮತ್ತೆ ಈಗ ಮೊದಲ ಸಲ ಕೇಳುತ್ತಿದ್ದೇನೆ ಅನ್ನುವಂತೆ ನಿಲ್ಲಬೇಕು. ಕೆಲವರು ಶಲ್ಯ ಸರಿಪಡಿಸಿಕೊಳ್ಳುತ್ತಿದ್ದರು. ಕೆಲವರು ಸೈಡ್ ವಿಂಗ್ ಕಡೆ ನೋಡುತ್ತಿದ್ದರು. ಎರಡನೇ ಸಲವೂ ನಿಜವಾಗಿ ಕೇಳಿಸಿಕೊಂಡು ನಿಲ್ಲುವವರು ಬಹಳ ಕಡಿಮೆ. ಅಂಥವನು ಕಂಪನಿಗೆ ಸಿಕ್ಕರೆ ಬಿಡಬಾರದು ಅನ್ನುತ್ತಿದ್ದರು ನಮ್ಮಪ್ಪ.

ರಿಷಿ ಈ ಚಿತ್ರದಲ್ಲಿ ಮಾಡಿದ್ದು ಆ ಎರಡನೇ ಕಲಾವಿದನ ಕೆಲಸ. ಹೆಚ್ಚುಕಡಿಮೆ ಇಡೀ ಸಿನಿಮಾ ಅದೇ ಕೆಲಸ. ನಿಮಗೆ ಅದು ಹೊಸದೇನಲ್ಲ. ನಮ್ಮ ಜಾತ್ರೆಯ ರಂಗದಲ್ಲಿ ನೀವೇ ಅದನ್ನು ನೋಡಿದ್ದೀರಿ.

ಅನಂತ್ ನಾಗ್ ಬಂದ ಮೇಲೆ ಹೀರೋ ಕಾಣೆಯಾಗಿಬಿಟ್ಟ. ಮುತ್ತಣ್ಣನೇ ಸಿನಿಮಾದ ನಾಯಕ ಅಂತ ನನ್ನ ವಾದ. ಮನೆಯಲ್ಲಿ ಯಜಮಾನರು ಒಪ್ಪುತ್ತಿಲ್ಲ. ನೀವೇ ತೀರ್ಪು ಕೊಡಿ ಮೇಡಂ.
*– ಬ್ಯಾಂಕ್ ಉದ್ಯೋಗಿ, ಬೆಳಗಾವಿ*

ಮನೆಯ ಜಗಳಕ್ಕೆ ನಾನು ಬರುವುದಿಲ್ಲ, ಸಿನಿಮಾದ ಜಗಳಕ್ಕೆ ಬರುತ್ತೇನೆ.

ಮುತ್ತಣ್ಣನ ಪಾತ್ರದಲ್ಲಿ ನಟನಿಗೆ ಹಿಡಿದುಕೊಳ್ಳಲು ಬೇಕಾದಷ್ಟಿದೆ. ಒಂಟಿತನ, ಸಿಟ್ಟು, ಮುಗಿಸಲಾಗದ ಕೇಸಿನ ಭಾರ. ಅದನ್ನು ಹಿಡಿದವರು ಯಾರು? 1973ರ ‘ಸಂಕಲ್ಪ’ದಿಂದ ಕನ್ನಡದಲ್ಲಿ ನಟಿಸುತ್ತ ಬಂದವರು. 1993ರ ‘ನಿಷ್ಕರ್ಷ’ದಲ್ಲಿ ವಿಷ್ಣುವರ್ಧನ್ ಎದುರು ದರೋಡೆಕೋರರ ಮುಖಂಡನಾಗಿ ತಣ್ಣಗೆ ಮಾತಾಡಿಯೇ ಹೆದರಿಸಿದವರು. ‘ಕವಲುದಾರಿ’ ಬಿಡುಗಡೆಯಾದಾಗ ಅವರಿಗೆ 70 ವರ್ಷ. ದನಿ ಏರಿಸದೆ ಎರಡು ಪದ ಹೇಳಿದರೂ ಅದರ ಹಿಂದೆ ಒಂದು ಬದುಕು ಕಾಣುತ್ತದೆ. ನೀವು ಮೆಚ್ಚಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಇಬ್ಬರೂ ಎದುರಾಗುವ ದೃಶ್ಯಗಳಲ್ಲಿ ಯಾರಿಗೆ ಏನು ಬೇಕು ಅಂತ ನೋಡಿ. ಶ್ಯಾಮ್‌ಗೆ ಹಳೆಯ ಕೇಸಿನ ವಿವರ ಬೇಕು. ಮುತ್ತಣ್ಣನಿಗೆ ಅದನ್ನು ಕೆದಕುವುದು ಬೇಡ. ಕೇಳುವವನು ಕಿರಿಯ, ಅದೂ ಪೊಲೀಸ್ ಇಲಾಖೆಯಲ್ಲಿ ಕಿರಿಯ. ರಿಷಿ ಪೈಪೋಟಿಗೆ ದನಿ ಏರಿಸಿದ್ದರೆ ಅನಂತ್ ನಾಗ್ ಮುಂದೆ ಸೋಲುತ್ತಿದ್ದರು, ಅದಕ್ಕಿಂತ ಹೆಚ್ಚಾಗಿ ಆ ಹಿರಿಯ ಕಿರಿಯರ ಸಂಬಂಧವೇ ಸುಳ್ಳಾಗುತ್ತಿತ್ತು. ರಿಷಿ ಹಿಂದೆ ಸರಿದು ನಿಂತರು. ಮುತ್ತಣ್ಣ ಅಷ್ಟು ದೊಡ್ಡದಾಗಿ ಕಂಡದ್ದರಲ್ಲಿ ಅದರ ಪಾಲೂ ಇದೆ.

ಇದೇ ನಿರ್ದೇಶಕರ ಮೊದಲ ಚಿತ್ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ (2016) ನೋಡಿದ್ದೀರಲ್ಲ? ಅಲ್ಲೂ ಅನಂತ್ ನಾಗ್, ಅಲ್ಲೂ ಒಬ್ಬ ಹುಡುಕುವ ಯುವಕ. ನೆನಪು ಕಳೆದುಕೊಳ್ಳುತ್ತಿರುವ ತಂದೆಯನ್ನು ಮಗ ಹುಡುಕುತ್ತಾನೆ. ‘ಕವಲುದಾರಿ’ಯಲ್ಲಿ ನೆನಪು ಬಿಡದೆ ಕಾಡುವ ಹಿರಿಯನ ಹತ್ತಿರ ಯುವಕ ಹೋಗುತ್ತಾನೆ. ಹೇಮಂತ್ ರಾವ್ ಅವರಿಗೆ ಈ ಜೋಡಿ ಮೇಲೆ ತುಂಬ ಒಲವಿದೆ ಅನಿಸುತ್ತದೆ. ಹಾಗಾಗಿ ನಾಯಕ ಯಾರು ಅಂತ ಒಬ್ಬರನ್ನೇ ಆರಿಸಲು ನನಗೆ ಮನಸ್ಸಿಲ್ಲ. ಯಜಮಾನರಿಗೂ ಇದನ್ನು ಓದಿ ಹೇಳಿ.

‘ಕವಲುದಾರಿ’ ಟೈಟಲ್ ಕಾರ್ಡಿನಲ್ಲಿ ಚರಣ್ ರಾಜ್ ಹೆಸರು ಬಂತು. ನಮ್ಮ ಬೆಳಗಾವಿಯ ಚರಣ್ ರಾಜ್ ಅವರೇನಾ? ಅವರು ಯಾವ ಪಾತ್ರ ಮಾಡಿದ್ದಾರೆ?
*– ಗೋಕಾಕ*

ಅಲ್ಲ. ಬೆಳಗಾವಿಯಿಂದ ಹೋಗಿ ಕನ್ನಡ, ತೆಲುಗು, ತಮಿಳಿನಲ್ಲಿ ಹೆಸರು ಮಾಡಿದ ನಟ ಚರಣ್ ರಾಜ್ ಬೇರೆ. ಇವರು ಸಂಗೀತ ನಿರ್ದೇಶಕ ಚರಣ್ ರಾಜ್. ‘ಗೋಧಿ ಬಣ್ಣ’ಕ್ಕೂ ಇವರದೇ ಸಂಗೀತ.

ಟ್ರಾಫಿಕ್ ಪೊಲೀಸರು ಕೊಲೆ ಕೇಸು ತನಿಖೆ ಮಾಡುವುದುಂಟೇನ್ರೀ? ನಾನು ಇಲಾಖೆಯಲ್ಲಿ ದುಡಿದವನು. ಮೊದಲ ರೀಲಿನಲ್ಲೇ ನನಗೆ ಸಿನಿಮಾ ಮೇಲೆ ನಂಬಿಕೆ ಹೋಯಿತು. ಅದೂ 40 ವರ್ಷದ ಹಳೇ ಕೇಸು!
*– ನಿವೃತ್ತ ಹೆಡ್ ಕಾನ್‌ಸ್ಟೇಬಲ್, ವಿಜಯಪುರ*

ಇಲ್ಲ ಸರ್, ಮಾಡುವುದಿಲ್ಲ. ನಿಮಗೆ ಗೊತ್ತಿರುವ ಹಾಗೆ ಬೆಂಗಳೂರಿನ ಟ್ರಾಫಿಕ್ ಠಾಣೆಗಳು ರಸ್ತೆ ಅಪಘಾತದ ಕೇಸು ನೋಡುತ್ತವೆ. ಕೊಲೆ ಹೋಗುವುದು ಲಾ ಅಂಡ್ ಆರ್ಡರ್ ಠಾಣೆಗೆ. ಸಿನಿಮಾಕ್ಕೂ ಇದು ಗೊತ್ತಿದೆ. ಶ್ಯಾಮ್ ಪೂರ್ತಿ ಕತೆಯಲ್ಲಿ ತನ್ನದಲ್ಲದ ಕೆಲಸದಲ್ಲಿ ಕೈ ಹಾಕಿದವನು. ಕೇಸು ಅವನ ಕೈಯಲ್ಲಿಲ್ಲ, ಅಧಿಕಾರವಿಲ್ಲ.

ನನಗೆ ರಿಷಿ ಹಿಡಿಸಿದ್ದಕ್ಕೆ ಇದೂ ಒಂದು ಕಾರಣ. ನಮ್ಮ ಸಿನಿಮಾಗಳ ಪೊಲೀಸ್ ನಾಯಕ ಒಳಗೆ ಬಂದರೆ ಕುರ್ಚಿಗಳು ಹಾರುತ್ತವೆ. ಇವನು ಬಿಳಿ ಅಂಗಿಯ ಟ್ರಾಫಿಕ್‌ನವನು. ಇವನು ಪ್ರಶ್ನೆ ಕೇಳುವಾಗ ‘ಹೇಳದಿದ್ದರೆ ಏನು ಮಾಡಲಿ’ ಅನ್ನುವ ಅಳುಕು ಸಣ್ಣಗೆ ಇದ್ದೇ ಇರುತ್ತದೆ. ದುಡಿದವರಾದ ನಿಮಗೆ ಆ ಅಳುಕು ಬೇಗ ಗೊತ್ತಾಗಬೇಕು. ಅಧಿಕಾರ ಇಲ್ಲದ ಜಾಗದಲ್ಲಿ ಯೂನಿಫಾರ್ಮ್ ಹಾಕಿ ನಿಂತವನ ಮುಜುಗರ ಅದು.

ಹಳೇ ಕೇಸಿನ ಬಗ್ಗೆ ಮಾತ್ರ ಸಿನಿಮಾ ಪರ ನಿಲ್ಲುತ್ತೇನೆ. ಸಣ್ಣಪುಟ್ಟ ಅಪರಾಧಕ್ಕೆ ಕಾನೂನಿನಲ್ಲಿ ಕಾಲಮಿತಿ ಇದೆ. ಕೊಲೆಗೆ ಇಲ್ಲ. 40 ವರ್ಷ ಕಳೆದರೂ ಸಾಕ್ಷಿ ಸಿಕ್ಕರೆ ಕೋರ್ಟಿಗೆ ಹೋಗಬಹುದು.

ಹಾಡು ಫೈಟ್ ಕಡಿಮೆ ಮಾಡಿದರೆ ಜನ ಟಾಕೀಸಿಗೆ ಬರ್ತಾರಾ? ಇದೆಲ್ಲ ಓಟಿಟಿ ಬಂದ ಮೇಲಿನ ಹೊಸ ಶೋಕಿ ಅಲ್ವಾ?
*– ಮುದ್ದೇಬಿಹಾಳ*

ಹೊಸದಲ್ಲ. 1978ರಲ್ಲೇ ಕಾಶೀನಾಥ್ ‘ಅಪರಿಚಿತ’ ಎಂಬ ಥ್ರಿಲ್ಲರ್ ಮಾಡಿದರು. 1989ರಲ್ಲಿ ಸುನೀಲ್ ಕುಮಾರ್ ದೇಸಾಯಿ ‘ತರ್ಕ’ ಮಾಡಿದಾಗ ಒಂದೂ ಹಾಡಿರಲಿಲ್ಲ, ನಾಯಕ ಶಂಕರ್ ನಾಗ್. ‘ನಿಷ್ಕರ್ಷ’ದಲ್ಲೂ ಹಾಡಿಲ್ಲ. ಇನ್ನೊಂದು ಸಂಗತಿ ಹೇಳುತ್ತೇನೆ. ಪುನೀತ್ ರಾಜ್‌ಕುಮಾರ್ ಅವರ ಪಿಆರ್‌ಕೆ ಸಂಸ್ಥೆ ನಿರ್ಮಿಸಿದ ಮೊದಲ ಚಿತ್ರ ‘ಕವಲುದಾರಿ’. ಕುಣಿತಕ್ಕೂ ಫೈಟಿಗೂ ಜನ ಶಿಳ್ಳೆ ಹಾಕುತ್ತಿದ್ದ ನಟ, ತಾನು ದುಡ್ಡು ಹಾಕುವಾಗ ಇಂಥ ಕತೆ ಆರಿಸಿಕೊಂಡರು. ಆ ಮನಸ್ಸು ನನಗೆ ಇವತ್ತಿಗೂ ದೊಡ್ಡದಾಗಿ ಕಾಣುತ್ತದೆ.

‘ಗರುಡ ಗಮನ ವೃಷಭ ವಾಹನ’ದ ರಾಜ್ ಬಿ. ಶೆಟ್ಟಿ ಕೂಡ ಮಾತು ಕಡಿಮೆ ಆಡ್ತಾರೆ. ಆದರೆ ಮೈ ಜುಮ್ಮೆನ್ನುತ್ತದೆ. ರಿಷಿಯಲ್ಲಿ ಆ ಪವರ್ ಎಲ್ಲಿದೆ?
*– ಇಂಡಿ*

ಎರಡು ಪಾತ್ರಗಳ ಮೌನ ಬೇರೆ ಬೇರೆ ರೀ. 2021ರ ಆ ಚಿತ್ರದ ಶಿವ ಮಂಗಳೂರಿನ ರೌಡಿ. ಅವನ ಮೌನದ ಹಿಂದೆ ಲೆಕ್ಕಾಚಾರ ಇಲ್ಲ. ಮುಂದಿನ ಗಳಿಗೆಯಲ್ಲಿ ಅವನು ಹುಡುಗರ ಜೊತೆ ಕ್ರಿಕೆಟ್ ಆಡುತ್ತಾನೋ ಯಾರನ್ನಾದರೂ ಹೊಡೆಯುತ್ತಾನೋ ನಮಗೆ ಗೊತ್ತಾಗುವುದಿಲ್ಲ. ಹೆದರಿಕೆ ಬರುವುದು ಅಲ್ಲಿಂದ. ಕೊಂದು ಬಂದು ಮಳೆಯಲ್ಲಿ ಹೆಜ್ಜೆ ಹಾಕುತ್ತಾನಲ್ಲ, ಆ ದೃಶ್ಯ ನೋಡಿದ ರಾತ್ರಿ ನನಗೆ ನಿದ್ದೆ ಬಂದಿರಲಿಲ್ಲ. ಶ್ಯಾಮ್ ಮೌನ ಯೋಚನೆ ಮಾಡುವವನದು. ಅವನನ್ನು ನೋಡಿ ಮೈ ಜುಮ್ಮೆಂದರೆ ಪಾತ್ರ ಕೆಟ್ಟಿತು ಅಂತಲೇ ಅರ್ಥ.

ಸುಮ್ನೆ ಇದ್ದು ಗೆದ್ದವರಲ್ಲಿ ನನಗೆ ಎಲ್ಲರಿಗಿಂತ ಹೆಚ್ಚು ಇಷ್ಟವಾದವರು ‘ದೃಶ್ಯ’ದ (2014) ರವಿಚಂದ್ರನ್. ಹೂವು, ಹಣ್ಣು, ದೊಡ್ಡ ಸೆಟ್ಟು ಅಂತ ನಾವು ನೆನೆಯುವ ನಟ ಅಲ್ಲಿ ಒಬ್ಬ ಗೃಹಸ್ಥ. ಪೊಲೀಸರ ಮುಂದೆ ಕೂತಾಗ ಅವರ ಮುಖದಲ್ಲಿ ಏನೂ ಇಲ್ಲ. ಒಳಗೆ ಏನಿದೆ ಅಂತ ನಮಗೆ ಮಾತ್ರ ಗೊತ್ತು. ಮೂಲ ಮಲಯಾಳಂನಲ್ಲಿ ಮೋಹನ್‌ಲಾಲ್ ಮಾಡಿದ್ದನ್ನು ನೋಡಿದ ಮೇಲೂ ನಾನು ಈ ಮಾತು ಹೇಳುತ್ತೇನೆ.

ಮೇಡಂ, ನಾವು ಗೆಳೆಯರು ಸೇರಿ ಮುಳುಗಡೆಯಾದ ಹಳೇ ಬಾಗಲಕೋಟೆಯಲ್ಲಿ ಒಂದು ಕ್ರೈಂ ಕಿರುಚಿತ್ರ ಮಾಡುತ್ತಿದ್ದೇವೆ. ನೀರು ಇಳಿದಾಗ ಒಂದು ಮನೆಯ ಗೋಡೆಯಲ್ಲಿ ಎಲುಬು ಸಿಗುತ್ತವೆ. ನಾನು ಪಿಎಸ್‌ಐ ಪಾತ್ರ. ಭಾಷೆ ಬೆಂಗಳೂರಿನದು ಇರಲಿ, ಎಲ್ಲರಿಗೂ ತಿಳಿಯುತ್ತದೆ ಅಂತ ನಮ್ಮ ನಿರ್ದೇಶಕ ಹೇಳುತ್ತಾನೆ. ನಟನೆಗೆ ಏನಾದರೂ ಹೇಳಿಕೊಡಿ.
*– ನವನಗರ, ಬಾಗಲಕೋಟೆ*

ಕತೆ ಕೇಳಿಯೇ ಕುತೂಹಲ ಹುಟ್ಟಿತು! ಆಲಮಟ್ಟಿ ಹಿನ್ನೀರಿಗೆ ಹೋದ ಓಣಿಗಳು, ಪರಿಹಾರದ ದುಡ್ಡಿಗೆ ಅಣ್ಣತಮ್ಮಂದಿರಲ್ಲಿ ಬಂದ ಒಡಕು, ಒಂದೇ ಓಣಿಯವರು ನವನಗರದ ಬೇರೆ ಬೇರೆ ಸೆಕ್ಟರ್‌ಗಳಿಗೆ ಚದುರಿದ್ದು. ಕೊಲೆಯ ಕತೆಗೆ ಬೇಕಾದ ಕಾರಣ, ಮುಚ್ಚಿಡುವ ಜಾಗ, ಸಾಕ್ಷಿಗಳು ಕೈಗೆ ಸಿಗದೇ ಹೋಗುವುದು ಎಲ್ಲ ನಿಮ್ಮೂರಲ್ಲೇ ಇದೆ.

ಭಾಷೆ ವಿಷಯದಲ್ಲಿ ನಿರ್ದೇಶಕರ ಮಾತು ಒಪ್ಪಬೇಡಿ. ನಮ್ಮ ಕಡೆಯ ಮಾತನ್ನು ಸಿನಿಮಾದವರು ನಗಿಸಲಿಕ್ಕೇ ಜಾಸ್ತಿ ಬಳಸಿದ್ದಾರೆ. ಅದು ನನಗೆ ಬಹಳ ದಿನದ ನೋವು. ನಮ್ಮ ಮನೆಗಳಲ್ಲಿ ಸಾವಿನ ಸುದ್ದಿ ಹೇಳಿದ್ದು, ಆಸ್ತಿಗೆ ಜಗಳ ಆಡಿದ್ದು, ಮಗುವಿಗೆ ಸಮಾಧಾನ ಹೇಳಿದ್ದು ಎಲ್ಲವೂ ಇದೇ ಮಾತಿನಲ್ಲಿ. ನಿಮ್ಮ ಪಿಎಸ್‌ಐ ಎದುರಿನವನ ಪಕ್ಕ ಕೂತು, ಚಹಾ ಮುಂದಿಟ್ಟು, ಮೆಲ್ಲಗೆ ‘ಅವತ್ತ ರಾತ್ರಿ ಎಲ್ಲಿದ್ದಿಪಾ?’ ಅಂತ ಕೇಳಲಿ. ಮೇಜು ಬಡಿದು ಕೂಗುವುದಕ್ಕಿಂತ ಆ ‘ಪಾ’ ಹೆಚ್ಚು ಹೆದರಿಸುತ್ತದೆ. ಬೆಂಗಳೂರಿನವರಿಗೂ ತಿಳಿಯುತ್ತದೆ, ಚಿಂತೆ ಬೇಡ.

ನಟನೆಗೆ ಒಂದೇ ಅಭ್ಯಾಸ ಹೇಳುತ್ತೇನೆ. ಮನೆ ಕಳೆದುಕೊಂಡ ಮುದುಕನ ಪಾತ್ರಕ್ಕೆ ನಿಜವಾಗಿ ಮುಳುಗಡೆಯಲ್ಲಿ ಮನೆ ಬಿಟ್ಟ ಹಿರಿಯರನ್ನೇ ಕೇಳಿ ನೋಡಿ, ಒಪ್ಪಿದರೆ ಅದೃಷ್ಟ. ಅವರ ಮಾತನ್ನು ನಿಮಗೆ ಮೊದಲೇ ಹೇಳಬಾರದು, ಬರೆದು ತೋರಿಸಬಾರದು. ಅವರ ಹಳೇ ಮನೆಯ ಬಾಗಿಲು ಯಾವ ದಿಕ್ಕಿಗಿತ್ತು, ಕಡೆಯ ದಿನ ಏನೇನು ಹೊತ್ತುಕೊಂಡು ಬಂದರು ಅಂತ ನೀವು ಕೇಳಿ. ಅವರು ಹೇಳುವಾಗ ಕ್ಯಾಮೆರಾ ನಿಮ್ಮ ಮೇಲಿರಲಿ. ಏನನ್ನೂ ತೋರಿಸಲು ಹೋಗಬೇಡಿ, ಸುಮ್ನೆ ಕೇಳಿಸಿಕೊಳ್ಳಿ. ಆಮೇಲೆ ಆ ತುಣುಕನ್ನು ನೋಡಿ. ನಿಮ್ಮ ಮುಖ ತಾನಾಗೇ ಏನು ಮಾಡಿದೆಯೋ ಅದನ್ನು ಗುರುತಿಟ್ಟುಕೊಳ್ಳಿ, ನಿಮ್ಮ ಪಿಎಸ್‌ಐ ಅವನೇ.

ಸದ್ದಿನ ಬಗ್ಗೆಯೂ ಎಚ್ಚರ. ಹಿನ್ನೀರಿನ ಬಯಲಲ್ಲಿ ಗಾಳಿ ಬಹಳ, ಮೆಲ್ಲಗೆ ಆಡಿದ ಮಾತು ಅದರಲ್ಲಿ ಹೋಗಿಬಿಡುತ್ತದೆ. ಅಂಗಿಗೆ ಸಿಕ್ಕಿಸುವ ಮೈಕಿಗೆ ಗಾಳಿ ತಡೆಯುವ ತುಪ್ಪಳದ ಟೊಪ್ಪಿಗೆ ಹಾಕಿ, ಬೆಳಗಿನ ಜಾವದಲ್ಲೇ ಮಾತಿನ ದೃಶ್ಯ ತೆಗೆಯಿರಿ. ಹಳೇ ಗೋಡೆಗಳ ಮೇಲೆ ಹತ್ತಬೇಡಿ, ಕೆಸರಿನಲ್ಲಿ ಒಬ್ಬರೇ ಇಳಿಯಬೇಡಿ. ಮಳೆಗಾಲ ಶುರುವಾದರೆ ನೀರು ಮತ್ತೆ ಏರುತ್ತದೆ, ಅದಕ್ಕೇ ಮೇ ಮುಗಿಯುವುದರೊಳಗೆ ಅಲ್ಲಿನ ಚಿತ್ರೀಕರಣ ಮುಗಿಸಿ. ಸಂಕಲನ ಆದ ಮೇಲೆ ಪತ್ರಿಕೆಯ ವಿಳಾಸಕ್ಕೆ ಒಂದು ಪ್ರತಿ ಕಳಿಸಿ, ನೋಡಿ ಇದೇ ಪುಟದಲ್ಲಿ ಬರೆಯುತ್ತೇನೆ.